ನಿಮಗಿದು ಗೊತ್ತೇ? ಹೊಸ ಲಿವರ್‌ಗೆ ಹೆಪ್ಪಿನ ಕಾಟ

ಕಸಿ ಮಾಡಿದ ಲಿವರ್ ಕೈಕೊಟ್ಟಿತೆಂದರೆ ದೇಹವೇ ಅದನ್ನು ತಿರಸ್ಕರಿಸಿರಬೇಕು ಎಂದುಕೊಳ್ಳುತ್ತೇವೆ. ಆದರೆ ಮೊದಲ ವಾರಗಳಲ್ಲಿ ಸರ್ಜನ್‌ಗಳ ನಿದ್ದೆ ಕೆಡಿಸುವ ಇನ್ನೊಂದು ಭಯವಿದೆ: ಹೊಲಿದು ಜೋಡಿಸಿದ ಹೆಪಾಟಿಕ್ ಅಪಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು.

ಲಿವರ್‌ಗೆ ಬರುವ ರಕ್ತದಲ್ಲಿ ಈ ಅಪಧಮನಿಯದು ಬರೀ ಕಾಲು ಪಾಲು. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ. ಹಾಗಿದ್ದೂ ಇಷ್ಟೇಕೆ ಭಯ? ಪಿತ್ತನಾಳಗಳು ಬದುಕುವುದೇ ಅಪಧಮನಿಯ ರಕ್ತದಿಂದ. ಅಕ್ಕಪಕ್ಕದಿಂದ ನೆರವಿಗೆ ಬರಬಹುದಾಗಿದ್ದ ಸಣ್ಣ ಕವಲುಗಳು ಕಸಿಯ ವೇಳೆ ಕತ್ತರಿಸಿಹೋಗಿರುತ್ತವೆ. ಅಪಧಮನಿ ಕಟ್ಟಿತೋ, ನಾಳ ಕೊಳೆಯುತ್ತದೆ, ಪಿತ್ತ ಸೋರುತ್ತದೆ, ಲಿವರ್‌ನೊಳಗೆ ಕೀವು ತುಂಬುತ್ತದೆ. ಹೀಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮತ್ತೊಂದು ಲಿವರೇ ಬೇಕಾಗುತ್ತದೆ.

ಈ ತೊಂದರೆ ದೊಡ್ಡವರಲ್ಲಿ 100ಕ್ಕೆ ಸುಮಾರು 3 ಮಂದಿಗೆ, ಮಕ್ಕಳಲ್ಲಿ ಸುಮಾರು 8 ಮಂದಿಗೆ. ಮಕ್ಕಳ ರಕ್ತನಾಳ ಸಪೂರ, ಅಷ್ಟೇ ಕಾರಣ ಸಾಕು.

ಲಿವರ್ ಗಡುಸಾಗಿ ಕಸಿಗೆ ಬರುವ ಸಿರೋಸಿಸ್ ರೋಗಿಯ ರಕ್ತ ‘ತೆಳು’, ಹೆಪ್ಪುಗಟ್ಟುವುದಿಲ್ಲ ಎಂಬುದು ಅರ್ಧಸತ್ಯ. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನೂ ಅದನ್ನು ತಡೆಯುವ ಪ್ರೋಟೀನ್‌ಗಳನ್ನೂ ತಯಾರಿಸುವುದು ಲಿವರೇ. ಲಿವರ್ ಕೆಟ್ಟಾಗ ಎರಡೂ ಕುಸಿಯುತ್ತವೆ. ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಐಎನ್‌ಆರ್ ಪರೀಕ್ಷೆ ಹಿಡಿಯುವುದು ಮೊದಲನೆಯ ಕೊರತೆಯನ್ನು ಮಾತ್ರ.

1963ರ ಮಾರ್ಚ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಬಾರಿ ಲಿವರ್ ಕಸಿ ಮಾಡಿದರು. ಆ ಪುಟ್ಟ ಮಗು ರಕ್ತಸ್ರಾವದಿಂದ ಟೇಬಲ್ ಮೇಲೆಯೇ ತೀರಿಕೊಂಡಿತು. ಪಾಠ ಕಲಿತ ತಂಡ ಮುಂದಿನ ರೋಗಿಗಳಿಗೆ ಹೆಪ್ಪು ಕರಗದಂತೆ ಮದ್ದು ಕೊಟ್ಟಿತು. ಸ್ರಾವವೇನೋ ಹತೋಟಿಗೆ ಬಂತು. ಆದರೆ ರಕ್ತವನ್ನು ಬಳಸುದಾರಿಯಲ್ಲಿ ಹರಿಸಲು ಇಟ್ಟ ಕೊಳವೆಗಳಲ್ಲಿ ಹೆಪ್ಪು ಹುಟ್ಟಿ ಶ್ವಾಸಕೋಶ ಸೇರಿತು! ಒಂದು ಕಡೆ ಬಾವಿ, ಇನ್ನೊಂದು ಕಡೆ ಹುಲಿ. ಗಟ್ಟಿಯಾಗಿ ನಿಂತ ಯಶಸ್ಸು ಸಿಕ್ಕಿದ್ದು 1967ರಲ್ಲಿ.

ಅದೇ ಸ್ಟಾರ್ಜಲ್ ತಂಡ 1984ರಲ್ಲಿ ಪ್ರಕಟಿಸಿದ ಉಪಾಯವೊಂದು ನನಗೆ ಬಲು ಇಷ್ಟ. ರಕ್ತನಾಳದ ಸುತ್ತ ಹೊಲಿದ ದಾರವನ್ನು ಬಿಗಿಯಾಗಿ ಎಳೆದರೆ, ಎಲೆಅಡಿಕೆ ಸಂಚಿಯ ಬಾಯಿಯಂತೆ ಜೋಡಣೆ ಕಿರಿದಾಗುತ್ತದೆ. ಕಿರಿದಾದಲ್ಲಿ ಹೆಪ್ಪಿಗೆ ಜಾಗವಾಯಿತು. ಅದಕ್ಕೆ ಅವರು ಗಂಟನ್ನು ನಾಳದ ಗೋಡೆಗೆ ಅಂಟಿಸದೆ, ಸ್ವಲ್ಪ ದೂರದಲ್ಲಿ, ಸಡಿಲ ಬಿಟ್ಟು ಹಾಕಿದರು. ರಕ್ತ ನುಗ್ಗಿ ನಾಳ ಉಬ್ಬಿದಾಗ ಜಾರುವ ಪ್ರೋಲೀನ್ ದಾರ ತಾನಾಗಿ ಒಳಸರಿದು ಜಾಗ ಬಿಡುತ್ತದೆ.

ಭಾರತದಲ್ಲಿ ಹೆಚ್ಚಿನ ಲಿವರ್ ಕಸಿಗಳಿಗೆ ದಾನಿಗಳು ಬದುಕಿರುವ ಬಂಧುಗಳೇ. 1998ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಯಶಸ್ವಿ ಮಕ್ಕಳ ಕಸಿಯಲ್ಲೂ ದಾನಿ ತಂದೆ. ಬದುಕಿರುವವರು ಕೊಡುವ ತುಂಡು ಲಿವರ್‌ನ ಅಪಧಮನಿ ಎಷ್ಟೋ ಸಲ ಎರಡು-ಮೂರು ಮಿಲಿಮೀಟರ್ ದಪ್ಪ. ಹೊಲಿಗೆಗೆ ಮೈಕ್ರೋಸ್ಕೋಪೇ ಬೇಕಾಗಬಹುದು. ಮೊದಲ ದಿನಗಳಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಪದೇಪದೇ ಮಾಡುವುದು ಹೆಪ್ಪಿನ ಭಯದಿಂದಲೇ. ಬೇಗ ಸಿಕ್ಕರೆ ಹೆಪ್ಪು ತೆಗೆದು ಲಿವರ್ ಉಳಿಸಿಕೊಳ್ಳಬಹುದು.

ದಾನಿಯ ಲಿವರ್ ಜೊತೆ ಅದರ ಗುಣವೂ ಬರುತ್ತದೆ. ಫ್ಯಾಕ್ಟರ್ ಫೈವ್ ಲೈಡನ್ ಎಂಬ ಆನುವಂಶಿಕ ದೋಷವಿದ್ದವರ ಲಿವರ್ ಪಡೆದವರಿಗೆ ಹೆಪ್ಪುಗಟ್ಟುವ ಚಾಳಿಯೂ ಬಳುವಳಿ. ಹಿಮೋಫಿಲಿಯಾ ಇರುವವರಿಗೆ ಆರೋಗ್ಯವಂತರ ಲಿವರ್ ಕಸಿ ಮಾಡಿದರೆ ರಕ್ತ ನಿಲ್ಲದ ಆ ಕಾಯಿಲೆಯೇ ವಾಸಿ!