ಮುಳ್ಳು ‘ಎಚ್’ ಮುಟ್ಟಿದ ಮೇಲಿನ ಮೂರು ನಿಮಿಷ: ಹಳೇ ಚಿಕ್ಕ ಕಾರಿನ ಹೀಟಿಂಗ್ ಲೆಕ್ಕ

ಹತ್ತು ರೂಪಾಯಿಯ ಫ್ಯೂಸ್ ಸುಟ್ಟರೂ ಎಂಜಿನ್ ಹೀಟ್ ಆಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋದರೂ ಹೀಟ್ ಆಗುತ್ತದೆ. ಡ್ರೈವರ್ ಕಣ್ಣಿಗೆ ಎರಡೂ ಒಂದೇ: ಟೆಂಪರೇಚರ್ ಮೀಟರಿನ ಮುಳ್ಳು ನಡುವಿನ ಗೆರೆ ದಾಟಿ ‘ಎಚ್’ (ಹಾಟ್) ಕಡೆ ಏರುತ್ತದೆ, ಇಲ್ಲವೇ ಕೆಂಪು ದೀಪ ಹತ್ತುತ್ತದೆ. ಮೊದಲನೆಯದರ ಖರ್ಚು ಹತ್ತು ರೂಪಾಯಿ, ಎರಡನೆಯದರದ್ದು ಹತ್ತು ಸಾವಿರ. ಆದರೆ ಆ ಹತ್ತು ಸಾವಿರದ ಬಿಲ್ಲು ಅನೇಕ ಸಲ ಹತ್ತು ರೂಪಾಯಿಯ ದೋಷದಿಂದಲೇ ಹುಟ್ಟುತ್ತದೆ. ‘ಇನ್ನೇನು ಊರು ಬಂತು’ ಎಂದು ದೀಪ ಕಂಡ ಮೇಲೂ ಓಡಿಸಿದ ನಾಲ್ಕೈದು ಕಿಲೋಮೀಟರ್ ಈ ವ್ಯತ್ಯಾಸಕ್ಕೆ ಕಾರಣ.

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಿನಲ್ಲಿ ಹೇಗಾದರೂ ಊರು ಮುಟ್ಟುವ ಈ ಆಸೆ ಸಹಜ. ಬಿಡಿಭಾಗ ಬೇಕೆಂದರೆ ರಾಣೆಬೆನ್ನೂರಿಗೇ ಹೋಗಬೇಕು, ಅಲ್ಲಿ ಸಿಗದಿದ್ದರೆ ದಾವಣಗೆರೆ ಅಥವಾ ಹುಬ್ಬಳ್ಳಿ. ಸೋಮವಾರ, ಗುರುವಾರ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಟ್ಟಣೆ, ದೇವರಗುಡ್ಡದ ಜಾತ್ರೆಯ ಸಾಲು, ಮಾರ್ಚ್–ಏಪ್ರಿಲ್‌ನ ಬಿಸಿಲು, ಹಳೇ ಕಾರು ಹೀಟ್ ಆಗಲು ಇಷ್ಟು ಸಾಕು. ಕೆಎ-27 ನಂಬರಿನ ಮಾರುತಿ 800, ಓಮ್ನಿ, ಹಳೇ ಆಲ್ಟೋಗಳು ಈ ಭಾಗದಲ್ಲಿ ಇನ್ನೂ ಓಡುತ್ತಿವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಉತ್ಪಾದನೆ ನಿಂತಿದ್ದು 2014ರ ಜನವರಿಯಲ್ಲಿ. ಅಂದರೆ ಎಲ್ಲಕ್ಕಿಂತ ಕೊನೆಯ 800ಕ್ಕೂ ಈಗ ಹತ್ತು ವರ್ಷ ದಾಟಿದೆ.

ಎಷ್ಟು ಶಾಖ, ಎಷ್ಟು ನೀರು

ಮಾರುತಿ 800ರದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಗಂಟೆಗೆ 60 ಕಿ.ಮೀ. ವೇಗ, ಲೀಟರಿಗೆ 16 ಕಿ.ಮೀ. ಮೈಲೇಜ್ ಎಂದು ಹಿಡಿದರೆ ಗಂಟೆಗೆ ಸುಮಾರು 3.75 ಲೀಟರ್ ಪೆಟ್ರೋಲ್ ಸುಡುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದೆ. ಲೆಕ್ಕ ಹಾಕಿದರೆ ಎಂಜಿನ್ನಿನೊಳಗೆ ಸದಾ 33 ಕಿಲೋವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಅದರಲ್ಲಿ ಚಕ್ರ ತಿರುಗಿಸಲು ಒದಗುವುದು ಸರಿಸುಮಾರು ಕಾಲು ಪಾಲು. ಮೂರನೇ ಒಂದು ಪಾಲು ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತದೆ. ಇನ್ನೂ ಮೂರನೇ ಒಂದು ಪಾಲು, ಅಂದರೆ ಸುಮಾರು 11 ಕಿಲೋವ್ಯಾಟ್, ನೀರಿಗೆ ಸೇರಿ ರೇಡಿಯೇಟರ್ ಮೂಲಕ ಹೊರಬೀಳಬೇಕು. ಮನೆಯ ಬಚ್ಚಲಿನ 2 ಕಿಲೋವ್ಯಾಟಿನ ಗೀಸರ್ ಐದಾರು ಒಟ್ಟಿಗೆ ಹಚ್ಚಿದಷ್ಟು ಶಾಖ ಇದು.

ಅದನ್ನು ಹೊತ್ತು ಸಾಗಿಸಲು ಇರುವುದು ಮೂರೂವರೆ ಲೀಟರ್ ಆಸುಪಾಸಿನ ನೀರು. ಪಂಪ್ ತಿರುಗುತ್ತ, ಫ್ಯಾನ್ ಗಾಳಿ ಎಳೆಯುತ್ತ ಇದ್ದರೆ ಇಷ್ಟೇ ನೀರು ಸಾಕು. ಇವೆರಡರಲ್ಲಿ ಒಂದು ನಿಂತರೂ ಸಾಲದು.

ಮೂರು ನಿಮಿಷದ ಲೆಕ್ಕ

ಎಂಜಿನ್ನಿನ ಲೋಹ 60 ಕೆ.ಜಿ., ಅದರೊಳಗಿನ ನೀರು ಮೂರೂವರೆ ಲೀಟರ್ ಎಂದಿಟ್ಟುಕೊಳ್ಳೋಣ. ಎರಡನ್ನೂ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 70 ಕಿಲೋಜೌಲ್ ಬೇಕು. ಎಂದಿನ 90 ಡಿಗ್ರಿಯಿಂದ ಕುದಿ ಬರುವ 117 ಡಿಗ್ರಿಗೆ ಏರಲು ಬೇಕಾದದ್ದು 1,900 ಕಿಲೋಜೌಲ್ ಹತ್ತಿರ.

ರೈಲ್ವೆ ಗೇಟಿನಲ್ಲಿ ಎಂಜಿನ್ ಬಂದ್ ಮಾಡದೆ ನಿಂತಾಗ ನೀರಿಗೆ ಸೇರುವ ಶಾಖ 2 ಕಿಲೋವ್ಯಾಟ್ ಇದ್ದೀತು. ಫ್ಯಾನ್ ಕೆಟ್ಟಿದ್ದರೆ ಕುದಿ ಬರಲು 15 ನಿಮಿಷ ಹಿಡಿಯುತ್ತದೆ. ಅದೇ ಹೈವೇಯಲ್ಲಿ 60ರ ವೇಗದಲ್ಲಿ ಓಡುವಾಗ ಪಂಪ್ ನಿಂತರೆ ಶಾಖ 11 ಕಿಲೋವ್ಯಾಟ್. ಸಮಯ ಮೂರು ನಿಮಿಷಕ್ಕೂ ಕಡಿಮೆ. ಆ ಮೂರು ನಿಮಿಷದಲ್ಲಿ ಕಾರು ಕ್ರಮಿಸುವ ದೂರ 3 ಕಿ.ಮೀ. ಇದು ಸ್ಥೂಲ ಲೆಕ್ಕ. ಹೋಸ್ ಒಡೆದು ನೀರೇ ಖಾಲಿಯಾದರೆ ಇಷ್ಟು ಹೊತ್ತೂ ಸಿಗದು. ಮೋಟೆಬೆನ್ನೂರಿನ ಹತ್ತಿರ ದೀಪ ಕಂಡರೆ ರಾಣೆಬೆನ್ನೂರಿನವರೆಗೆ ‘ಹೆಂಗೋ’ ಹೋಗಿ ಮುಟ್ಟುವ ಮಾತೇ ಇಲ್ಲ.

ಇನ್ನೊಂದು ಎಚ್ಚರ. ನೀರು ಪೂರ್ತಿ ಖಾಲಿಯಾದಾಗ ಸೆನ್ಸರ್ ಒಣಗಾಳಿಯಲ್ಲಿ ಉಳಿದು ಮುಳ್ಳು ಕೆಳಗಿಳಿಯುವುದೂ ಉಂಟು. ‘ತಾನೇ ಕಮ್ಮಿ ಆತು’ ಎಂದು ಖುಷಿಪಟ್ಟು ಓಡಿಸಿದವರ ಎಂಜಿನ್ನೇ ಜಾಮ್ ಆಗುವುದು.

150 ರೂಪಾಯಿಯ ಮುಚ್ಚಳ, 20 ಡಿಗ್ರಿ

ರಾಣೆಬೆನ್ನೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪಿನ ಮೇಲೆ ‘0.9’ ಎಂದು ಅಚ್ಚಾಗಿರುವುದು ಒತ್ತಡದ ಗುರುತು. ಅಷ್ಟು ಒತ್ತಡ ಹಿಡಿದಿಟ್ಟರೆ ಬರೀ ನೀರು ಕುದಿಯುವುದು 117 ಡಿಗ್ರಿಗೆ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದರೆ 125ರ ಆಸುಪಾಸು. ಕ್ಯಾಪಿನ ರಬ್ಬರ್ ಸವೆದು ಒತ್ತಡ ನಿಲ್ಲದಿದ್ದರೆ ಮತ್ತೆ 98ಕ್ಕೇ ಬಂತು.

ಇಂಥ ಕಾರುಗಳಲ್ಲಿ ಫ್ಯಾನ್ ತಿರುಗತೊಡಗುವುದೇ 95 ಡಿಗ್ರಿ ಹತ್ತಿರ. ಹೀಗಾಗಿ ಕ್ಯಾಪ್ ಸಡಿಲಾದ ಕಾರಿನಲ್ಲಿ ಫ್ಯಾನ್ ಹತ್ತುವ ಹೊತ್ತಿಗೆ ನೀರೂ ಕುದಿಯಲು ಶುರುವಾಗಿರುತ್ತದೆ. ರೇಡಿಯೇಟರ್ ಹೊಸದು, ಫ್ಯಾನ್ ಸರಿ ಇದೆ, ಆದರೂ ರಿಸರ್ವ್ ಬಾಟಲಿ ಉಕ್ಕುತ್ತದೆ ಎನ್ನುವವರು ಮೊದಲು ಬದಲಿಸಬೇಕಾದ್ದು ಕ್ಯಾಪನ್ನು.

ಬಿಸಿಯಿದ್ದಾಗ ಅದೇ ಕ್ಯಾಪ್ ತೆಗೆಯಬಾರದು ಎನ್ನುವುದಕ್ಕೂ ಲೆಕ್ಕವಿದೆ. ಒಳಗೆ 110 ಡಿಗ್ರಿಯ ಮೂರೂವರೆ ಲೀಟರ್ ನೀರಿದ್ದು ಒತ್ತಡ ಒಮ್ಮೆಲೇ ಬಿಟ್ಟರೆ ಸುಮಾರು 75 ಗ್ರಾಂ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ಅಷ್ಟು ಆವಿ 125 ಲೀಟರ್ ಜಾಗ ಕೇಳುತ್ತದೆ. ಅದು ಹೊರಬರುವ ದಾರಿಯಲ್ಲಿ ಮುಖ, ಕೈ ಇರುತ್ತವೆ. ಎಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ, ಕನಿಷ್ಠ ಅರ್ಧ ತಾಸು ಬಿಡಬೇಕು. ಮೇಲಿನ ಹೋಸ್ ಕೈಯಿಂದ ಒತ್ತಿದರೆ ಮೆತ್ತಗೆ ಬಾಗುವಂತಾದ ಮೇಲಷ್ಟೇ ದಪ್ಪ ಬಟ್ಟೆ ಹಿಡಿದು ಕ್ಯಾಪ್ ತಿರುಗಿಸಬೇಕು.

ಮುಳ್ಳು ಯಾವಾಗ ಏರಿತು?

ಮೆಕ್ಯಾನಿಕ್ ಹತ್ತಿರ ‘ಗಾಡಿ ಹೀಟ್ ಆಗೈತ್ರಿ’ ಎಂದಷ್ಟೇ ಹೇಳಿದರೆ ಸಾಲದು. ಯಾವಾಗ, ಎಲ್ಲಿ ಏರಿತು ಎಂದು ಹೇಳಿದರೆ ಅರ್ಧ ರಿಪೇರಿ ಆದಂತೆ.

ನಿಂತಾಗ ಏರಿ, ಓಡಿದಾಗ ಇಳಿದರೆ: ಫ್ಯಾನಿನ ತಂಟೆ. ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್, ಮೋಟರ್, ಇದೇ ಕ್ರಮದಲ್ಲಿ ನೋಡಬೇಕು. ಫ್ಯಾನಿನ ಎರಡು ವೈರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಾಗ ತಿರುಗಿದರೆ ಮೋಟರ್ ಸರಿ ಇದೆ. ಸಾವಿರಾರು ರೂಪಾಯಿಯ ಮೋಟರ್ ಕೊಳ್ಳುವ ಮೊದಲು ಎರಡು ತುಂಡು ವೈರಿನ ಈ ಪರೀಕ್ಷೆ ಮಾಡಿಸಬೇಕು.

ಊರೊಳಗೆ ಸರಿ, ಹೈವೇಯಲ್ಲಿ ಅಥವಾ ಏರಿನಲ್ಲಿ ಹೀಟ್ ಆದರೆ: ರೇಡಿಯೇಟರ್ ಕಟ್ಟಿದೆ, ನೀರು ಕಡಿಮೆಯಿದೆ ಅಥವಾ ಪಂಪ್ ಸವೆದಿದೆ.

ಸ್ಟಾರ್ಟ್ ಮಾಡಿ ನಾಲ್ಕೈದು ಕಿ.ಮೀ. ಒಳಗೇ ಏರಿದರೆ: ಥರ್ಮೋಸ್ಟ್ಯಾಟ್ ಮುಚ್ಚಿಕೊಂಡು ಕೂತಿರಬಹುದು. 82 ಡಿಗ್ರಿಗೆ ಬಾಯಿ ಬಿಡಬೇಕಾದ ವಾಲ್ವ್ ಬಿಡದಿದ್ದರೆ ಎಂಜಿನ್ ಸುಡುತ್ತಿದ್ದರೂ ರೇಡಿಯೇಟರಿನ ಕೆಳಗಿನ ಹೋಸ್ ತಣ್ಣಗಿರುತ್ತದೆ. ವಾಲ್ವ್ ಬಿಚ್ಚಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟರೆ ಬಾಯಿ ಬಿಡುತ್ತದೋ ಇಲ್ಲವೋ ಕಣ್ಣಾರೆ ಕಾಣುತ್ತದೆ.

ಹೀಟಿನ ಜತೆ ಬ್ಯಾಟರಿ ದೀಪವೂ ಹತ್ತಿದರೆ: ಬೆಲ್ಟ್ ತುಂಡಾಗಿದೆ. ಈ ಎಂಜಿನ್ನುಗಳಲ್ಲಿ ಆಲ್ಟರ್ನೇಟರಿಗೂ ವಾಟರ್ ಪಂಪಿಗೂ ಒಂದೇ ಬೆಲ್ಟ್. ಇಲ್ಲಿ ಒಂದು ಕಿ.ಮೀ. ಕೂಡ ಓಡಿಸುವಂತಿಲ್ಲ.

ಬೆಳಗ್ಗೆ ತಣ್ಣಗಿನ ಎಂಜಿನ್ನಿಗೆ ಕೀ ತಿರುಗಿಸಿದ ಕೂಡಲೇ ಮುಳ್ಳು ‘ಎಚ್’ಗೆ ಹಾರಿದರೆ: ಎಂಜಿನ್ ಹೀಟ್ ಆಗಿಲ್ಲ. ಸೆನ್ಸರಿನ ವೈರ್ ಕಳಚಿದಾಗ ಮುಳ್ಳು ‘ಸಿ’ಗೆ ಇಳಿದರೆ ಸೆನ್ಸರ್ ಕೆಟ್ಟಿದೆ, ಇಳಿಯದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ. ಪರೀಕ್ಷೆಯ ಖರ್ಚು ಸೊನ್ನೆ.

ಎಲ್ಲೂ ಸೋರಿಕೆ ಕಾಣದೆ ನೀರು ಮಾತ್ರ ಇಳಿಯುತ್ತ ಹೋದರೆ: ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಗುಳ್ಳೆ ನಿಲ್ಲದೆ ಏಳುತ್ತವೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಆಯಿಲ್ ಬೆಳ್ಳಗಾಗಿರುತ್ತದೆ.

ಈ ಸೀಮೆಯದೇ ಆದ ಇನ್ನೊಂದು ಕಾರಣವಿದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ಜೋಳ ಹರವಿ ಒಕ್ಕುತ್ತಾರೆ. ಅದರ ಹೊಟ್ಟು, ಮೆಕ್ಕೆಜೋಳದ ರವದಿ, ಹತ್ತಿಯ ಎಳೆ, ಕೆಂಪು ಧೂಳು ಸೇರಿ ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಕಾಣದು. ಹಿಂದೆ ಟಾರ್ಚ್ ಹಿಡಿದಾಗ ಬೆಳಕು ಹಾಯದಿದ್ದರೆ ಕಟ್ಟಿದೆ ಎಂದರ್ಥ. ಎಂಜಿನ್ ಕಡೆಯಿಂದ ಹೊರಗಡೆಗೆ ಮೆಲ್ಲಗೆ ನೀರು ಬಿಟ್ಟು ತೊಳೆದರೆ ಸಾಕು. ಪ್ರೆಷರ್ ವಾಶ್ ಹೊಡೆದರೆ ತೆಳು ರೆಕ್ಕೆಗಳು ಮಡಚಿ ಮತ್ತಷ್ಟು ಗಾಳಿ ತಡೆಯುತ್ತವೆ.

ಅಂದಾಜು ವೆಚ್ಚ

800, ಓಮ್ನಿ, ಹಳೇ ಆಲ್ಟೋಗಳಿಗೆ ಹೊಂದುವ, ಕೂಲಿ ಸೇರಿದ ಸ್ಥೂಲ ಮೊತ್ತಗಳಿವು. ಕಂಪನಿ ಮಾಲೋ ಲೋಕಲ್ ಮಾಲೋ ಎನ್ನುವುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ.

• ಫ್ಯೂಸ್: ರೂ. 10
• ರೇಡಿಯೇಟರ್ ಕ್ಯಾಪ್: ರೂ. 150–250
• ರಿಲೇ: ರೂ. 150–300
• ಫ್ಯಾನ್ ಸ್ವಿಚ್ ಅಥವಾ ಸೆನ್ಸರ್: ರೂ. 300–600
• ಬೆಲ್ಟ್: ರೂ. 400–700
• ಹೋಸ್ ಮತ್ತು ಕ್ಲಿಪ್: ರೂ. 400–800
• ಥರ್ಮೋಸ್ಟ್ಯಾಟ್: ರೂ. 500–900
• ಫ್ಯಾನ್ ಮೋಟರ್: ರೂ. 1,200–2,200
• ವಾಟರ್ ಪಂಪ್: ರೂ. 1,500–2,500
• ಹೊಸ ರೇಡಿಯೇಟರ್: ರೂ. 2,500–4,500
• ಹೆಡ್ ಗ್ಯಾಸ್ಕೆಟ್, ಹೆಡ್ ಫೇಸಿಂಗ್ ಸೇರಿ: ರೂ. 7,000–12,000
• ಎಂಜಿನ್ ಬೋರ್, ಪಿಸ್ಟನ್, ರಿಂಗ್: ರೂ. 20,000–35,000

ಪಟ್ಟಿಯ ಮೊದಲ ಏಳು ಬಾಬತ್ತನ್ನು ಒಟ್ಟಿಗೇ ಬದಲಿಸಿದರೂ ಗರಿಷ್ಠ ರೂ. 3,560. ಒಂದು ಹೆಡ್ ಕೆಲಸದ ಕನಿಷ್ಠ ಬಿಲ್ಲಿನ ಸುಮಾರು ಅರ್ಧ. ಆದ್ದರಿಂದ ಪರೀಕ್ಷೆ ಯಾವಾಗಲೂ ಮೇಲಿನಿಂದ ಕೆಳಗೆ ನಡೆಯಬೇಕು. ಫ್ಯೂಸ್ ನೋಡದೆ ‘ರೇಡಿಯೇಟರ್ ಹೋಗೈತಿ’ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಕೊನೆಯ ಎರಡು ಸಾಲುಗಳು ಮಾತ್ರ ಬೇರೆ ಜಾತಿಯವು. ಅಲ್ಯೂಮಿನಿಯಂ ಹೆಡ್ಡಿನ ಮೈ 0.05 ಮಿ.ಮೀ.ಗಿಂತ ಹೆಚ್ಚು ಬಾಗಿರಬಾರದು. ಒಂದಡಿ ಉದ್ದದ ಅಲ್ಯೂಮಿನಿಯಂ ತುಂಡು 100 ಡಿಗ್ರಿ ಬಿಸಿಯಾದರೆ 0.7 ಮಿ.ಮೀ. ಬೆಳೆಯುತ್ತದೆ. ಎಲ್ಲ ಕಡೆ ಸಮನಾಗಿ ಬೆಳೆದರೆ ತೊಂದರೆಯಿಲ್ಲ. ನೀರಿಲ್ಲದ ಒಂದು ಮೂಲೆ ಮಾತ್ರ ಕಾದರೆ, ಅಥವಾ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ, ಹೆಡ್ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಆಗ ಲೇತಿಗೆ ಹೋಗದೆ ಗತ್ಯಂತರವಿಲ್ಲ. ಅದಕ್ಕಿಂತ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬರಲು ಸಾವಿರ, ಒಂದೂವರೆ ಸಾವಿರ ಕೊಟ್ಟರೂ ಲಾಭವೇ.

ಬೋರ್ ನೀರು ಬಿಟ್ಟುಹೋಗುವ ಸುಣ್ಣ

ಖರ್ಚು ಉಳಿಸಲು ಕೂಲಂಟ್ ಬಿಟ್ಟು ಬೋರ್ ನೀರು ಹಾಕುವುದು ಹಳೇ ರೂಢಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರ ತನಕ ನಡೆಯುತ್ತದೆ. ಬೋರ್ ನೀರಿನದು 500 ಎಂದು ಹಿಡಿಯೋಣ. ಕ್ಯಾಪ್ ಸೋರುವ ಕಾರಿಗೆ ವಾರಕ್ಕೊಂದು ಲೀಟರ್ ಹಾಕುತ್ತ ಬಂದರೆ ವರ್ಷಕ್ಕೆ 52 ಲೀಟರ್, ಅದರೊಂದಿಗೆ 26 ಗ್ರಾಂ ಸುಣ್ಣ. ನೀರು ಆವಿಯಾಗಿ ಹೋದರೂ ಸುಣ್ಣ ಒಳಗೇ ಉಳಿದು ಸಪೂರ ಕೊಳವೆಗಳ ಗೋಡೆಗೆ ಪದರವಾಗಿ ಕೂರುತ್ತದೆ. ಅದು ಶಾಖ ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ನೂರರಲ್ಲಿ ಒಂದು ಪಾಲು.

ಎರಡು ಲೀಟರ್ ಕೂಲಂಟಿಗೆ 600–800 ರೂಪಾಯಿ, ಅಷ್ಟೇ ಡಿಸ್ಟಿಲ್ಡ್ ವಾಟರಿಗೆ 50 ರೂಪಾಯಿ ಆಗಬಹುದು. ಸಾಮಾನ್ಯ ಹಸಿರು ಕೂಲಂಟ್ ಎರಡು ವರ್ಷ ಅಥವಾ 40,000 ಕಿ.ಮೀ.ಗೆ ಬದಲಿಸುವಂಥದ್ದು. ತಿಂಗಳಿಗೆ ಹೆಚ್ಚೆಂದರೆ 35 ರೂಪಾಯಿ ಆಸುಪಾಸು ಬೀಳುತ್ತದೆ. ದಾರಿಯಲ್ಲಿ ಅನಿವಾರ್ಯವಾದರೆ ಬೋರ್ ನೀರಿಗಿಂತ ಊರಿನ ಶುದ್ಧ ನೀರಿನ ಘಟಕದ ಕ್ಯಾನೇ ಮೇಲು.

ಥರ್ಮೋಸ್ಟ್ಯಾಟ್ ಕಿತ್ತುಹಾಕಿ ‘ಈಗ ಹೀಟೇ ಆಗಂಗಿಲ್ಲ’ ಎನ್ನುವ ರೂಢಿಯೂ ಉಳಿತಾಯವಲ್ಲ. ಎಂಪಿಎಫ್‌ಐ (ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್) ಎಂಜಿನ್ ತಾನಿನ್ನೂ ತಣ್ಣಗಿದ್ದೇನೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಮೈಲೇಜ್ 16ರಿಂದ 14ಕ್ಕೆ ಇಳಿದರೂ 10,000 ಕಿ.ಮೀ.ಗೆ 89 ಲೀಟರ್ ಹೆಚ್ಚು. ಅಷ್ಟು ಪೆಟ್ರೋಲಿನ ದುಡ್ಡಿನಲ್ಲಿ ಹತ್ತು ಥರ್ಮೋಸ್ಟ್ಯಾಟ್ ಬರುತ್ತವೆ.

ದೊಡ್ಡ ಬಿಲ್ಲಿಗೆ ಮುಂಚೆ ಆರ್‌ಸಿ ನೋಡಿ

ಹೆಡ್ ಅಥವಾ ಎಂಜಿನ್ ಬೋರ್ ಕೆಲಸಕ್ಕೆ ಕೈ ಹಾಕುವ ಮೊದಲು ಇನ್ನೊಂದು ಲೆಕ್ಕವಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ಆಯಿತು. ಆರ್‌ಸಿ ಅವಧಿ ಮುಗಿಯಲು ಬಂದ 20 ವರ್ಷದ ಕಾರಿಗೆ ಹೆಡ್ ಕೆಲಸ ಮಾಡಿಸಿದರೆ 10,000 ಜತೆಗೆ 10,000. ಬೋರ್ ಮಾಡಿಸಿದರೆ ಒಟ್ಟು 45,000 ತನಕ. ಎಫ್‌ಸಿಗಾಗಿ (ಫಿಟ್ನೆಸ್ ಸರ್ಟಿಫಿಕೇಟಿಗಾಗಿ) ಮಾಡಿಸುವ ಟಿಂಕರಿಂಗ್, ಟೈರ್ ಇದರಲ್ಲಿ ಸೇರಿಲ್ಲ. ಅವಧಿ ಇನ್ನೂ ನಾಲ್ಕು ವರ್ಷ ಇದ್ದರೆ ಹೆಡ್ ಕೆಲಸ ವರ್ಷಕ್ಕೆ ಎರಡೂವರೆ ಸಾವಿರದ ಲೆಕ್ಕ, ಮಾಡಿಸಬಹುದು. ಆರು ತಿಂಗಳಷ್ಟೇ ಇದ್ದರೆ ಕಾರನ್ನೇ ದಾಟಿಸುವ ಮಾತಾಡುವುದು ಮೇಲು.

ಈ ಮೊತ್ತಗಳಲ್ಲಿ ಶುಲ್ಕ ಸರ್ಕಾರದ ಕೈಯಲ್ಲಿದೆ, ಬಿಡಿಭಾಗದ ದರ ಅಂಗಡಿಯವರ ಕೈಯಲ್ಲಿದೆ. ಮಾಲೀಕನ ಕೈಯಲ್ಲಿರುವುದು ಇಗ್ನಿಷನ್ ಕೀ ಒಂದೇ. ಮುಳ್ಳು ಏರಿದ ಮೊದಲ ನಿಮಿಷದಲ್ಲೇ ಅದನ್ನು ತಿರುಗಿಸಿದವನ ಬಿಲ್ಲು ಬಹುತೇಕ ಪಟ್ಟಿಯ ಮೇಲಿನ ಸಾಲುಗಳಲ್ಲೇ ಮುಗಿಯುತ್ತದೆ.