ಎಲಿಯಟ್ ತನ್ನ ಊರಿಗೆ ಮರಳಿದ್ದು

ರಜೆಯಲ್ಲಿ ಅಜ್ಜನ ಊರಿಗೆ ಹೋದಾಗ "ನೀನು ಯಾರ ಮನೆಯವನಪ್ಪಾ?" ಎಂಬ ಪ್ರಶ್ನೆಗೆ ತಡವರಿಸಿದ ಅನುಭವ ನಿಮ್ಮಲ್ಲಿ ಹಲವರಿಗಿದ್ದೀತು. ಕವಿ ಟಿ. ಎಸ್. ಎಲಿಯಟ್ 1937ರಲ್ಲಿ ಇಂಗ್ಲೆಂಡಿನ ಈಸ್ಟ್ ಕೋಕರ್ ಎಂಬ ಹಳ್ಳಿಗೆ ಹೋದದ್ದೂ ಪೂರ್ವಿಕರ ಊರು ನೋಡಲೆಂದೇ. ಅವನ ವಂಶದ ಹಿರಿಯನೊಬ್ಬ ಹದಿನೇಳನೆಯ ಶತಮಾನದಲ್ಲಿ ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ. ಎಲಿಯಟ್ 1888ರಲ್ಲಿ ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ.

ಪರಂಪರೆ ಎಂಬುದು ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಕೈಸೇರುವುದಿಲ್ಲ, ದುಡಿದೇ ಗಳಿಸಬೇಕು ಎಂದು 1919ರ ಪ್ರಬಂಧವೊಂದರಲ್ಲಿ ಅವನು ವಾದಿಸಿದ್ದ. ಹಾರ್ವರ್ಡ್‌ನಲ್ಲಿ ಸಂಸ್ಕೃತ ಕಲಿತಿದ್ದ ಈತ 1922ರ 'ದಿ ವೇಸ್ಟ್ ಲ್ಯಾಂಡ್' ಕವನವನ್ನು ಮುಗಿಸಿದ್ದು ಬೃಹದಾರಣ್ಯಕ ಉಪನಿಷತ್ತಿನ ಗುಡುಗಿನ ಮಾತಿನಿಂದ. ಹಾಗಿರುವಾಗ 1927ರಲ್ಲಿ ಅವನು ಇಂಗ್ಲೆಂಡಿನ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದದ್ದು ಗೆಳೆಯರಿಗೆ ಆಘಾತವೇ ಆಯಿತು. ವರ್ಜೀನಿಯಾ ವುಲ್ಫ್‌ಗಂತೂ ಇದು ಸ್ವಲ್ಪವೂ ಹಿಡಿಸಲಿಲ್ಲ. ನವ್ಯಕವಿಗೆ ಪ್ರಾರ್ಥನೆಯೇಕೆ?

ಇದಕ್ಕೆ ಉತ್ತರ 1936ರಿಂದ 1942ರವರೆಗೆ ಒಂದೊಂದಾಗಿ ಪ್ರಕಟವಾದ 'ಫೋರ್ ಕ್ವಾರ್ಟೆಟ್ಸ್'ನ ನಾಲ್ಕು ಕವನಗಳಲ್ಲಿದೆ. ಗಡಿಯಾರದ ಕಾಲವೊಂದೇ ನಿಜವಾದರೆ ಕಳೆದದ್ದು ಕಳೆದೇ ಹೋಯಿತು. ಆದರೆ ದೇವರು ಒಂದು ಊರಿನಲ್ಲಿ, ಒಂದು ಕಾಲದಲ್ಲಿ ಮನುಷ್ಯನಾಗಿ ಹುಟ್ಟಿದನೆಂಬುದು ಕ್ರೈಸ್ತರ ನಂಬಿಕೆ. ನಮ್ಮ ಅವತಾರಗಳಂತೆ ಯುಗಯುಗಕ್ಕೂ ಅಲ್ಲ, ಒಂದೇ ಒಂದು ಸಲ. ಕಾಲಾತೀತವಾದದ್ದು ಕಾಲದೊಳಕ್ಕೆ ಕಾಲಿಟ್ಟ ಮೇಲೆ ಯಾವ ಕ್ಷಣವನ್ನೂ ಬರಿಯ ಕ್ಷಣವೆಂದು ತಳ್ಳಿಹಾಕುವಂತಿಲ್ಲ. 1941ರ ಮೂರನೆಯ ಕವನದಲ್ಲಿ ಈ ಮಾತಿಗೆ ಬರುವ ಮೊದಲು ಎಲಿಯಟ್ ನೆನೆಯುವುದು ಅರ್ಜುನನಿಗೆ ಕೃಷ್ಣ ಹೇಳಿದ ಬುದ್ಧಿಯನ್ನು! ಇದನ್ನು ಕಲಬೆರಕೆ ಎನ್ನುವವರಿದ್ದಾರೆ. ನನಗಂತೂ ಇದು ಪ್ರಾಮಾಣಿಕವಾಗಿಯೇ ಕಾಣುತ್ತದೆ: ನಂಬಿಕೆ ಗಟ್ಟಿಯಾಯಿತೆಂದು ಹಿಂದೆ ಕಲಿತದ್ದನ್ನು ಅವನು ಒರೆಸಿಹಾಕಲಿಲ್ಲ.

ಕೊನೆಯ ಕವನ 'ಲಿಟಲ್ ಗಿಡಿಂಗ್' ಲಂಡನ್ನಿನ ಮೇಲೆ ಬಾಂಬು ಬಿದ್ದ ದಿನಗಳ ಫಲ. ಆಗ ಎಲಿಯಟ್ ರಾತ್ರಿ ಹೊತ್ತು ಬೆಂಕಿ ಕಾಯುವ ಕೆಲಸ ಮಾಡುತ್ತಿದ್ದ. 1626ರಲ್ಲಿ ನಿಕೊಲಸ್ ಫೆರಾರ್ ಕುಟುಂಬ ನೆಲೆಸಿ ನಿತ್ಯ ಪ್ರಾರ್ಥಿಸಿದ ಸಣ್ಣ ಊರು ಲಿಟಲ್ ಗಿಡಿಂಗ್. ಅಲ್ಲಿ ಮೊಣಕಾಲೂರಿದವನಿಗೆ ಸತ್ತವರೂ ಸಮಕಾಲೀನರೇ.

ಕನ್ನಡದಲ್ಲಿ ಈ ಕಾಳಜಿ ಕಾಣಬೇಕಾದರೆ ಗೋಪಾಲಕೃಷ್ಣ ಅಡಿಗರ 'ಭೂತ' ಓದಿ. ಕಳೆದ ಕಾಲಕ್ಕೂ ದೆವ್ವಕ್ಕೂ ನಮ್ಮಲ್ಲಿ ಒಂದೇ ಶಬ್ದ. ಅಡಿಗರು ಚರ್ಚಿಗೆ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಆದರೆ ಹಿಂದಿನವರ ಅದಿರನ್ನು ಅಗೆದು ತೆಗೆದು, ಸುಟ್ಟು ಸೋಸದೆ ಅದು ಚಿನ್ನವಾಗದೆಂದು ಅವರಿಗೂ ಗೊತ್ತಿತ್ತು. ಓದುವಾಗ ಕಷ್ಟವಾದರೆ ಮನೆಯ ಹಿರಿಯರ ಪಕ್ಕ ಕೂತು ಗಟ್ಟಿಯಾಗಿ ಓದಿ, ಅರ್ಧ ತೊಡಕು ಅಲ್ಲೇ ಬಿಡುತ್ತದೆ.

ಎಲಿಯಟ್ 1965ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಈಸ್ಟ್ ಕೋಕರ್‌ನ ಚರ್ಚಿಗೆ ಒಯ್ದು ಅಲ್ಲಿಯೇ ಇರಿಸಿದರು.