ಹನ್ನೆರಡು ಇಂಚಿನ ಅರ್ಧ ಸಂಗೀತ

ಮಿನಿಮಲ್ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತ ಸಂಗೀತದ ಹೊಸ ತಟ್ಟೆ ಅಂಗಡಿಗೆ ಬಂದಾಗ ಅದರ ಮೇಲೆ ಓದಲು ಹೆಚ್ಚೇನೂ ಇರುವುದಿಲ್ಲ. 12 ಇಂಚಿನ ಕಪ್ಪು ವಿನೈಲ್, ಏನೂ ಅಚ್ಚಾಗದ ಬಿಳಿ ಅಥವಾ ಕಂದು ರಟ್ಟಿನ ಕವಚ, ನಡುವೆ ದುಂಡು ಕಾಗದ, ಅದರ ಮೇಲೆ ರಬ್ಬರ್ ಮೊಹರಿನಲ್ಲಿ ಒತ್ತಿದ ಒಂದು ಸಂಖ್ಯೆ. ಕಲಾವಿದರ ಚಿತ್ರ ಇರುವುದಿಲ್ಲ, ಎಷ್ಟೋ ಸಲ ಹೆಸರೂ ಇರುವುದಿಲ್ಲ. ಎರಡು ಬದಿ ಸೇರಿ ಎರಡರಿಂದ ನಾಲ್ಕು ಟ್ರ್ಯಾಕು. ಒಂದೊಂದೂ ಆರೇಳು ನಿಮಿಷದಿಂದ ಹತ್ತು ಹನ್ನೆರಡು ನಿಮಿಷ. ಹಾಡುವ ದನಿ ಅಪರೂಪ. ಸಾಮಾನ್ಯವಾಗಿ 300ರಿಂದ 500 ಪ್ರತಿ ಅಚ್ಚಾಗುತ್ತದೆ, ಮುಗಿದರೆ ಮುಗಿಯಿತು. ಕನ್ನಡದ ಹೊಸ ಕವಿಯ ಮೊದಲ ಸಂಕಲನದ ಲೆಕ್ಕಕ್ಕೆ ಹತ್ತಿರದ ಲೆಕ್ಕ ಇದು.

ಈ ತಟ್ಟೆಗಳನ್ನು ಮನೆಯಲ್ಲಿ ಒಂದೊಂದಾಗಿ ಕೇಳಿದವರಿಗೆ ಮೊದಲು ಆಗುವುದು ಬೇಸರವೇ. ಅದೇ ಬಡಿತ, ಅವೇ ಒಂದೆರಡು ಸ್ವರ; ನಾಲ್ಕು ನಿಮಿಷ ಕಳೆದರೂ ಏನೂ ಆಗಲಿಲ್ಲವಲ್ಲ ಅನ್ನಿಸುತ್ತದೆ. ಕಛೇರಿಯಲ್ಲಿ ಗಾಯಕರನ್ನು ಎಬ್ಬಿಸಿ ಕಳಿಸಿ ತಂಬೂರಿ, ಮೃದಂಗ ಮಾತ್ರ ಉಳಿಸಿಕೊಂಡ ಹಾಗೆ. ಕಾರಣ ಇಷ್ಟೆ: ಇದು ಬೇಕೆಂದೇ ಅರ್ಧ ಮಾಡಿಟ್ಟ ಸಂಗೀತ. ಉಳಿದರ್ಧ ಪಕ್ಕದ ಟರ್ನ್‌ಟೇಬಲ್ಲಿನ ಮೇಲಿರುತ್ತದೆ. ಡಿಜೆ ಆದವರು ಎರಡು ತಟ್ಟೆಗಳ ವೇಗ ಹೊಂದಿಸಿ, ಒಂದರ ಮೇಲೆ ಇನ್ನೊಂದನ್ನು ಹೊದಿಸಿ ಎರಡರಲ್ಲೂ ಇಲ್ಲದ ಮೂರನೆಯದೊಂದನ್ನು ಕೇಳಿಸುತ್ತಾರೆ. ಎರಡೂ ತುಂಬಿ ತುಳುಕುವ ರೆಕಾರ್ಡುಗಳಾದರೆ ಅದು ಗದ್ದಲವಾದೀತು. ಎರಡರಲ್ಲೂ ಜಾಗ ಬಿಟ್ಟಿದ್ದರೆ ಐದಾರು ನಿಮಿಷವಾದರೂ ಜೊತೆಯಾಗಿ ಓಡಿಸಬಹುದು. ಮಿನಿಮಲ್ ಎಂಬ ಮಾತಿಗೆ ಕಸುಬಿನಲ್ಲಿರುವ ಅರ್ಥ ಇದೇ. ಟೆಕ್ನಿಕ್ಸ್ ಕಂಪನಿ 1979ರಲ್ಲಿ ಹೊರತಂದ ಎಸ್‌ಎಲ್-1200 ಎಂಕೆ2 ಯಂತ್ರದಲ್ಲಿ ತಟ್ಟೆಯ ವೇಗವನ್ನು ಶೇಕಡ 8ರವರೆಗೆ ಏರಿಸಿ ಇಳಿಸುವ ಜಾರುಗುಂಡಿ ಇದ್ದದ್ದು ಈ ಕಲೆಯನ್ನು ಸುಲಭವಾಗಿಸಿತು. ತಟ್ಟೆ ನುಡಿಸುವ ಕ್ಲಬ್ಬುಗಳಲ್ಲಿ ಇಂದಿಗೂ ಅದೇ ಯಂತ್ರ, ಇಲ್ಲವೆ ಅದರ ನಕಲು.

12 ಇಂಚಿನ ಅಳತೆ ಬಂದದ್ದು ಮಾತ್ರ ಆಕಸ್ಮಿಕವಾಗಿ. 1970ರ ದಶಕದ ನಡುವೆ ನ್ಯೂಯಾರ್ಕಿನ ಡಿಸ್ಕೊ ಹಾಡುಗಳು 7 ಇಂಚಿನ ತಟ್ಟೆಯಲ್ಲಿ ಮೂರ್ನಾಲ್ಕು ನಿಮಿಷಕ್ಕೇ ಮುಗಿದುಹೋಗುತ್ತಿದ್ದವು. ಹಾಡುಗಳನ್ನು ಕುಣಿತಕ್ಕಾಗಿ ಹಿಗ್ಗಿಸುತ್ತಿದ್ದ ಟಾಮ್ ಮೌಲ್ಟನ್ ಒಮ್ಮೆ ಪರೀಕ್ಷೆಯ ತಟ್ಟೆ ಕೊರೆಸಲು ಹೋದಾಗ ಎಂಜಿನಿಯರ್ ಹೋಸೆ ರೊಡ್ರಿಗೆಸ್ ಅವರ ಬಳಿ 7 ಇಂಚಿನ ಖಾಲಿ ತಟ್ಟೆ ಇರಲಿಲ್ಲ; 10 ಇಂಚಿನದು ಇತ್ತು. ಅಷ್ಟು ದೊಡ್ಡ ತಟ್ಟೆಯ ಅಂಚಿನಲ್ಲಿ ಸದ್ದಿನ ಗೆರೆ ಚೂರೇ ಕಂಡರೆ ಚೆನ್ನಾಗಿರದೆಂದು ಗೆರೆಗಳನ್ನು ಅಗಲಿಸಿ, ಸದ್ದು ಏರಿಸಿ ಕೊರೆದರು. ನುಡಿಸಿ ನೋಡಿದರೆ ಕೇಳಿದ್ದು ಬೇರೆಯದೇ ನಾದ. ಅಲ್ಲಿಂದ 12 ಇಂಚಿಗೆ ಒಂದೇ ಹೆಜ್ಜೆ. 1976ರಲ್ಲಿ ಸಾಲ್‌ಸೋಲ್ ಲೇಬಲ್ (ತಟ್ಟೆ ಹೊರತರುವ ಸಂಸ್ಥೆ), ಡಬಲ್ ಎಕ್ಸ್‌ಪೋಶರ್ ತಂಡದ ‘ಟೆನ್ ಪರ್ಸೆಂಟ್’ ಹಾಡನ್ನು ವಾಲ್ಟರ್ ಗಿಬನ್ಸ್ ಅವರ ಮರುಮಿಶ್ರಣದಲ್ಲಿ 12 ಇಂಚಿನ ಸಿಂಗಲ್ಲಾಗಿ ಮಾರಾಟಕ್ಕಿಟ್ಟಿತು. ಆವರೆಗೆ ಈ ಅಳತೆಯ ಸಿಂಗಲ್ಲುಗಳು ಡಿಜೆಗಳ ಕೈಗೆ ಮಾತ್ರ ಸಿಗುತ್ತಿದ್ದವು.

ಮುಂದಿನದು ಷಿಕಾಗೊ, ಡೆಟ್ರಾಯಿಟ್‌ಗಳ ಕತೆ. ಷಿಕಾಗೊದ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದ ಕುಣಿತದ ಸಂಗೀತಕ್ಕೇ ಹೌಸ್ ಎಂಬ ಹೆಸರು ಅಂಟಿಕೊಂಡಿತು. 1984ರ ಜೆಸ್ಸಿ ಸಾಂಡರ್ಸ್ ಅವರ ‘ಆನ್ ಆ್ಯಂಡ್ ಆನ್’ ತಟ್ಟೆಯಾಗಿ ಬಂದ ಮೊದಲ ಹೌಸ್ ಸಂಗೀತ ಎಂದು ಸಾಮಾನ್ಯವಾಗಿ ಲೆಕ್ಕ. ಡೆಟ್ರಾಯಿಟ್ ಬಳಿಯ ಬೆಲ್‌ವಿಲ್ ಶಾಲೆಯ ಗೆಳೆಯರಾದ ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಟೆಕ್ನೊ ಕಟ್ಟಿದರು. ಎರಡೂ ಕಡೆ ದುಡಿದವರು ಕಪ್ಪು ಯುವಕರು. ಎರಡೂ ಕಡೆ ಉಪಕರಣ, ರೋಲ್ಯಾಂಡ್ ಕಂಪನಿ ತಯಾರಿಕೆ ನಿಲ್ಲಿಸಿದ್ದರಿಂದ ಸೆಕೆಂಡ್ ಹ್ಯಾಂಡ್ ಪೇಟೆಗೆ ಅಗ್ಗವಾಗಿ ಬಿದ್ದಿದ್ದ ಟಿಆರ್-808, ಟಿಆರ್-909 ತಾಳಯಂತ್ರಗಳು.

ಮಿನಿಮಲ್‌ಗೆ ಒಂದು ಜನ್ಮವರ್ಷ ಕೊಡಲೇಬೇಕಾದರೆ ಅದು 1994, ರಾಬರ್ಟ್ ಹುಡ್ ಅವರ ‘ಮಿನಿಮಲ್ ನೇಷನ್’. ಹುಡ್ ಡೆಟ್ರಾಯಿಟ್‌ನ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದವರು. ತಟ್ಟೆ ಹೊರಬಂದದ್ದು ಅದೇ ಬಳಗದಲ್ಲಿದ್ದ ಜೆಫ್ ಮಿಲ್ಸ್ ಅವರ ಆಕ್ಸಿಸ್ ಲೇಬಲ್ಲಿನಿಂದ. ಆ ಹೊತ್ತಿಗೆ ಯುರೋಪಿನ ರೇವ್ ಕೂಟಗಳಲ್ಲಿ ಟೆಕ್ನೊ ವೇಗವನ್ನೂ ಅಬ್ಬರವನ್ನೂ ಏರಿಸುತ್ತಲೇ ಹೋಗಿತ್ತು. ಹುಡ್ ತದ್ವಿರುದ್ಧ ದಿಕ್ಕಿಗೆ ನಡೆದರು: ಒಂದು ಕಿಕ್ (ತಳದ ಡೋಲಿನ ಬಡಿತ), ಒಂದು ಹೈಹ್ಯಾಟ್ (ಚೂಪಾದ ತಾಳದ ಸದ್ದು), ನಾಲ್ಕಾರು ಸ್ವರಗಳ ಒಂದು ಸುತ್ತು. ಅದನ್ನೇ ತಿರುಗಿಸುತ್ತ, ಸ್ವರದ ಅಂಚನ್ನು ಮಾತ್ರ ಒಂದೊಂದು ಕೂದಲೆಳೆಯಷ್ಟು ಬದಲಿಸುವುದು. ಕೇಳುಗರ ಕಿವಿ ಕೆಲವೇ ನಿಮಿಷಗಳಲ್ಲಿ ಆ ಸಣ್ಣ ಬದಲಾವಣೆಗಳಿಗೆ ಒಗ್ಗಿಕೊಂಡು, ಒಂದು ಹೈಹ್ಯಾಟ್ ಬಂದು ಸೇರಿದರೂ ದೊಡ್ಡ ಘಟನೆ ನಡೆದಂತೆ ಎಚ್ಚರಗೊಳ್ಳುತ್ತದೆ. ಹುಡ್ ಮುಂದೆ ಪಾದ್ರಿಯಾದರು, ಮಗಳು ಲಿರಿಕ್ ಜೊತೆ ಫ್ಲೋರ್‌ಪ್ಲಾನ್ ಹೆಸರಿನಲ್ಲಿ ಭಕ್ತಿಗಾಯನ ಬೆರೆತ ಹೌಸ್ ತಟ್ಟೆಗಳನ್ನು ತಂದರು. ಅಲ್ಲಿಯೂ ಕಟ್ಟುವ ಕ್ರಮ ಹಳೆಯದೇ.

ಬರ್ಲಿನ್ ಈ ಸಂಗೀತಕ್ಕೆ ಎರಡನೆಯ ತವರಾದದ್ದರಲ್ಲಿ ಒಂದು ಅಂಗಡಿಯ ಪಾಲು ದೊಡ್ಡದು. ಮಾರ್ಕ್ ಅರ್ನೆಸ್ಟಸ್ 1989ರಲ್ಲಿ, ಗೋಡೆ ಬಿದ್ದ ವರ್ಷವೇ ತೆರೆದ ‘ಹಾರ್ಡ್ ವ್ಯಾಕ್ಸ್’ ಡೆಟ್ರಾಯಿಟ್, ಷಿಕಾಗೊ ತಟ್ಟೆಗಳನ್ನು ತರಿಸಿ ಮಾರುತ್ತಿತ್ತು. ಅರ್ನೆಸ್ಟಸ್ ಮತ್ತು ಮೊರಿಟ್ಸ್ ಫಾನ್ ಓಸ್ವಾಲ್ಟ್ ಸೇರಿ 1993ರಿಂದ ‘ಬೇಸಿಕ್ ಚಾನೆಲ್’ ಹೆಸರಿನಲ್ಲಿ ಒಂಬತ್ತು 12 ಇಂಚಿನ ತಟ್ಟೆಗಳನ್ನು ಬಿಟ್ಟರು. ಜಮೈಕಾದ ಡಬ್ ಸಂಗೀತದಿಂದ ಪ್ರತಿಧ್ವನಿಯ ವಿದ್ಯೆಯನ್ನು ತಂದು ಟೆಕ್ನೊದೊಳಗೆ ಇಳಿಸಿದ ತಟ್ಟೆಗಳಿವು. ಒಂದೇ ಒಂದು ಸ್ವರಮೇಳ ಹೊಗೆಯಂತೆ ಎದ್ದು, ಹರಡಿ, ಕರಗುತ್ತಿರುತ್ತದೆ, ತಳದಲ್ಲಿ ಕಿಕ್. ನಡುವಿನ ಕಾಗದದ ಅಕ್ಷರಗಳನ್ನೂ ಓದಲಾಗದಂತೆ ಮುರಿದು ಹಾಕಿದ್ದರು. ಹೆಸರು ಮರೆಸಿ, ತಟ್ಟೆಯನ್ನೇ ಮುಂದಿಡುವ ಈ ಚಾಳಿ ಆಮೇಲೆ ಬಂದ ನೂರಾರು ಲೇಬಲ್ಲುಗಳಿಗೆ ಹಿಡಿಯಿತು. ಇಂದು ಅದು ಕೆಲವೊಮ್ಮೆ ಬರಿಯ ವೇಷವಾಗಿಯೂ ಕಾಣುತ್ತದೆ ಎಂಬುದು ನಿಜ. 1995ರಲ್ಲಿ ಬೇಸಿಕ್ ಚಾನೆಲ್ ಬಳಗ ‘ಡಬ್‌ಪ್ಲೇಟ್ಸ್ ಆ್ಯಂಡ್ ಮಾಸ್ಟರಿಂಗ್’ ಎಂಬ ತಟ್ಟೆ ಕೊರೆಯುವ ಕಾರ್ಯಾಗಾರವನ್ನೂ ಕಟ್ಟಿತು.

ಕೇಳುಗರ ಕಣ್ಣಿಗೆ ಬೀಳದ ನಿಜವಾದ ಕಸುಬು ಇರುವುದು ಈ ಕೊರೆತದಲ್ಲೇ. ಅಲ್ಯೂಮಿನಿಯಂ ಬಿಲ್ಲೆಗೆ ಲ್ಯಾಕರ್ ಬಳಿದ ತಟ್ಟೆ ಲೇತ್ ಯಂತ್ರದ ಮೇಲೆ ತಿರುಗುತ್ತದೆ. ಬಿಸಿ ಮಾಡಿದ ಹರಳಿನ ಮೊನೆ ಅದರಲ್ಲಿ ಒಂದೇ ಒಂದು ಉದ್ದನೆಯ ಸುರುಳಿ ಗೆರೆ ಕೊರೆಯುತ್ತದೆ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಎಡ ಕಿವಿಯದು, ಇನ್ನೊಂದು ಬಲ ಕಿವಿಯದು. ಎರಡೂ ಕಡೆ ಸದ್ದು ಒಂದೇ ಆಗಿದ್ದರೆ ಗೆರೆ ಅತ್ತಿತ್ತ ಓಲಾಡುತ್ತದೆ. ಬೇರೆಯಾದಷ್ಟೂ ಅದರ ಆಳ ಏರುಪೇರಾಗುತ್ತದೆ. ಕಿಕ್ಕಿನಂಥ ಮಂದ್ರ ಸದ್ದು ಎರಡು ಕಡೆ ಬೇರೆ ಬೇರೆಯಾಗಿದ್ದರೆ ಮುಳ್ಳು ಗೆರೆಯಿಂದ ಹಾರಿಬಿಡಬಹುದು. ಅದಕ್ಕಾಗಿ ಎಂಜಿನಿಯರುಗಳು ಮಂದ್ರವನ್ನೆಲ್ಲ ನಡುವಿಗೆ ತಂದು ಒಂದಾಗಿಸುತ್ತಾರೆ. ಮಂದ್ರ ಜೋರಾದಷ್ಟೂ ಗೆರೆಯ ಓಲಾಟ ಅಗಲವಾಗಿ ಜಾಗ ತಿನ್ನುತ್ತದೆ. ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ 20 ನಿಮಿಷ ಹಿಡಿದರೆ, ಕ್ಲಬ್ಬಿಗೆ ಬೇಕಾದ ಸದ್ದಿನಲ್ಲಿ ನಿಮಿಷಕ್ಕೆ 45 ಸುತ್ತಿನ ವೇಗಕ್ಕೆ ಕೊರೆದ 12 ಇಂಚಿನಲ್ಲಿ ಹತ್ತು ನಿಮಿಷದ ಆಸುಪಾಸಿಗೇ ಜಾಗ ಮುಗಿಯುತ್ತದೆ.

ಇನ್ನೊಂದು ತೊಡಕಿದೆ. ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಸುಮಾರು 90 ಸೆಂಟಿಮೀಟರ್ ಗೆರೆ ಸಿಗುತ್ತದೆ. ನಡುವಿನ ಕಾಗದದ ಹತ್ತಿರ ಬಂದಾಗ 40 ಸೆಂಟಿಮೀಟರಿಗಿಂತ ಕಡಿಮೆ. ಅಷ್ಟೇ ಸಮಯದ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕಾದಾಗ ಹೈಹ್ಯಾಟಿನ ಚೂಪು ಮಂಕಾಗುತ್ತದೆ. ಅನುಭವಿ ನಿರ್ಮಾಪಕರು ಮಿಂಚುವ ಟ್ರ್ಯಾಕನ್ನು ಹೊರಗೂ ಮೆತ್ತನೆಯದನ್ನು ಒಳಗೂ ಇಡುವುದು ಇದಕ್ಕೇ. ಗೆರೆಗಳಿಂದ ಡಿಜೆಗಳಿಗೆ ಒಂದು ಅನುಕೂಲವೂ ಇದೆ. ಸದ್ದು ತೆಳುವಾದ ಕಡೆ ತಟ್ಟೆ ಕಡುಗಪ್ಪಾಗಿ, ದಟ್ಟವಾದ ಕಡೆ ಬೂದಾಗಿ ಹೊಳೆಯುವುದರಿಂದ, ಟ್ರ್ಯಾಕು ಎಲ್ಲಿ ತೆರವಾಗುತ್ತದೆ ಎಂಬುದನ್ನು ಕತ್ತಲ ಕ್ಲಬ್ಬಿನಲ್ಲೂ ಸಣ್ಣ ದೀಪದ ಬೆಳಕಿಗೆ ಕಣ್ಣಿಂದಲೇ ಓದಬಹುದು.

ಕೊರೆಯುವವರೇ ಸಂಗೀತದ ಪಾಲುದಾರರಾದ ಉದಾಹರಣೆ ಡೆಟ್ರಾಯಿಟ್‌ನ ರಾನ್ ಮರ್ಫಿ. ನ್ಯಾಷನಲ್ ಸೌಂಡ್ ಕಾರ್ಪೊರೇಷನ್ ಹೆಸರಿನಲ್ಲಿ ಅವರು ಆ ಊರಿನ ಟೆಕ್ನೊ ತಟ್ಟೆಗಳನ್ನು ಕೊರೆದರು. ಗೆರೆ ಮುಗಿಯುವ ಜಾಗದಲ್ಲಿ ಎನ್‌ಎಸ್‌ಸಿ ಎಂಬ ಗುರುತು ಕೆತ್ತುತ್ತಿದ್ದರು. ತನ್ನ ತುದಿಯನ್ನು ತಾನೇ ಮುಟ್ಟಿ ಮುಗಿಯದೆ ಸುತ್ತುವ ಮುಚ್ಚಿದ ಗೆರೆ ಅವರ ಕೈಚಳಕಗಳಲ್ಲಿ ಒಂದು. ಜೆಫ್ ಮಿಲ್ಸ್ ಅವರ 1994ರ ‘ಸೈಕಲ್ 30’ ತಟ್ಟೆಯ ಒಂದು ಬದಿಯಲ್ಲಿ ಇಂಥ ಗೆರೆಗಳ ಸಾಲೇ ಇದೆ. ಇದರ ಗಣಿತ ಸೊಗಸಾದದ್ದು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಯ ಒಂದು ಸುತ್ತಿಗೆ 1.8 ಸೆಕೆಂಡು, ಅದರಲ್ಲಿ ನಾಲ್ಕು ಬಡಿತ ಹೊಂದಬೇಕಾದರೆ ವೇಗ ನಿಮಿಷಕ್ಕೆ 133.33 ಬಡಿತ ಆಗಲೇಬೇಕು. ಟೆಕ್ನೊದ ನಡಿಗೆ ಅದೇ. ಒಂದು ಆವರ್ತ, ಒಂದು ಸುತ್ತು: ತಾಳ ಇಲ್ಲಿ ಅಕ್ಷರಶಃ ದುಂಡಗಿದೆ.

ಕೊರೆದ ಲ್ಯಾಕರಿಗೆ ಬೆಳ್ಳಿಯ ತೆಳು ಪೊರೆ, ಅದರ ಮೇಲೆ ವಿದ್ಯುತ್ತಿನಿಂದ ನಿಕ್ಕಲ್ ಲೇಪನ ಏರಿಸಿ ಬಿಡಿಸಿಕೊಂಡರೆ ಲೋಹದ ಅಚ್ಚು ಸಿಗುತ್ತದೆ. ಎರಡು ಅಚ್ಚುಗಳ ನಡುವೆ ಬಿಸಿ ಪಿವಿಸಿ ಮುದ್ದೆಯಿಟ್ಟು ಸುಮಾರು ನೂರು ಟನ್ ಭಾರದಲ್ಲಿ ಒತ್ತಿದರೆ ಅರ್ಧ ನಿಮಿಷದಲ್ಲಿ ಒಂದು ತಟ್ಟೆ. ಡೆಟ್ರಾಯಿಟ್‌ನ ಆರ್ಚರ್ ಎಂಬ ಮನೆತನದ ಕಾರ್ಖಾನೆ 1965ರಿಂದ ಈ ಕೆಲಸದಲ್ಲಿದೆ. ಜರ್ಮನಿಯ ಲೈಪ್‌ಸಿಗ್‌ನ ರ‍್ಯಾಂಡ್ ಮುಜೀಕ್ ಚಿಕ್ಕ ಲೇಬಲ್ಲುಗಳ ನೆಚ್ಚಿನ ತಾಣ. ಚೆಕ್ ದೇಶದ ಜಿಝಡ್ ಮೀಡಿಯಾ ಜಗತ್ತಿನಲ್ಲೇ ದೊಡ್ಡದು. ಈ ಸರಪಳಿ ಎಷ್ಟು ನಾಜೂಕಾದದ್ದೆಂದು ಗೊತ್ತಾದದ್ದು 2020ರ ಫೆಬ್ರುವರಿಯಲ್ಲಿ. ಜಗತ್ತಿಗೆಲ್ಲ ಲ್ಯಾಕರ್ ತಟ್ಟೆ ಒದಗಿಸುತ್ತಿದ್ದುದು ಎರಡೇ ಕಾರ್ಖಾನೆ. ಅದರಲ್ಲೊಂದು, ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್, ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಜಪಾನಿನದು. ಮುಂದಿನ ವರ್ಷ ಪಾಪ್ ತಾರೆಯರ ದೊಡ್ಡ ಆರ್ಡರುಗಳು ಕಾರ್ಖಾನೆಗಳಿಗೆ ನುಗ್ಗಿದಾಗ, ವಿನೈಲನ್ನು ಬರಗಾಲದಲ್ಲಿ ಬದುಕಿಸಿಟ್ಟಿದ್ದ ಚಿಕ್ಕ ಲೇಬಲ್ಲುಗಳೇ ಸರದಿಯ ಹಿಂದೆ ನಿಂತು ತಿಂಗಳುಗಟ್ಟಲೆ ಕಾಯಬೇಕಾಯಿತು.

ಹೊಸ ತಟ್ಟೆ ಕೊಳ್ಳುವವರು ನೋಡುವುದು ಕಲಾವಿದರ ಹೆಸರಿಗಿಂತ ಹೆಚ್ಚಾಗಿ ಲೇಬಲ್ಲನ್ನು. 1997ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಜಿಪ್ ಮತ್ತು ಮಾರ್ಕುಸ್ ನಿಕೊಲಾಯ್ ಶುರುಮಾಡಿದ ಪೆರ್ಲಾನ್, ತನ್ನ ಸಂಗೀತವನ್ನು ಡಿಜಿಟಲ್ ಫೈಲುಗಳಾಗಿ ಮಾರಲು ಬಹುಕಾಲ ಒಪ್ಪಲಿಲ್ಲ. ಕಲೋನಿನ ಕೊಂಪಾಕ್ಟ್ ಅಂಗಡಿಯಾಗಿ ಹುಟ್ಟಿ ಲೇಬಲ್ಲೂ ವಿತರಕ ಸಂಸ್ಥೆಯೂ ಆಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ವೋಲ್ಫ್‌ಗಾಂಗ್ ಫೋಕ್ಟ್ ಅದಕ್ಕೂ ಮೊದಲು ‘ಸ್ಟುಡಿಯೊ 1’ ಸರಣಿಯ ತಟ್ಟೆಗಳಿಗೆ ಕೆಂಪು, ಹಸಿರು ಎಂದು ಬಣ್ಣಗಳ ಹೆಸರನ್ನಷ್ಟೇ ಇಟ್ಟಿದ್ದರು. ಚೂರುಪಾರು ಸದ್ದುಗಳಿಂದ ನೇಯ್ದ ಮೆತ್ತನೆಯ ಹೌಸ್‌ಗೆ 2001ರಲ್ಲಿ ವಿಮರ್ಶಕ ಫಿಲಿಪ್ ಶೆರ್ಬರ್ನ್ ‘ಮೈಕ್ರೊಹೌಸ್’ ಎಂದು ಹೆಸರಿಟ್ಟರು. ಚಿಲಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ರಿಕಾರ್ಡೊ ವಿಯ್ಯಾಲೊಬೊಸ್ ಈ ದಾರಿಯಲ್ಲಿ ಎಲ್ಲರಿಗಿಂತ ದೂರ ಹೋದವರು. 2006ರ ‘ಫಿಟ್ಸ್‌ಹಾಯರ್ ತ್ಸೀಹಾಯರ್’ 37 ನಿಮಿಷದ ಒಂದೇ ಟ್ರ್ಯಾಕು. ಆಮೇಲಿನ ಪೀಳಿಗೆಯಲ್ಲಿ ಗಮನ ಸೆಳೆದದ್ದು ರುಮೇನಿಯಾ. ರಾಡೂ, ಪೆತ್ರೆ ಇನ್ಸ್‌ಪಿರೆಸ್ಕು, ರಾರೆಷ್ ಮೂವರು 2007ರಲ್ಲಿ ಕಟ್ಟಿದ ‘ಆರ್ಪಿಯಾರ್’ ಲೇಬಲ್ಲಿನ ತಟ್ಟೆಗಳಲ್ಲಿ ಕಿಕ್ ಬಹಳ ಹಗುರ, ನಡುವಿನ ಟಕಟಕ ಸದ್ದುಗಳದ್ದೇ ಕಾರುಬಾರು. ಇಂದಿನ ಮಿನಿಮಲ್ ಹೌಸ್ ಬಿಡುಗಡೆಗಳಲ್ಲಿ ದೊಡ್ಡ ಪಾಲು ಇದೇ ಜಾಡಿನದು, ಮತ್ತು ಅದರಲ್ಲಿ ಅನುಕರಣೆಯೇ ಬಹಳ.

ಪ್ರತಿ ಕಡಿಮೆ ಇರುವುದರಿಂದ ಮರುಮಾರಾಟದ ಪೇಟೆಯೂ ಬೆಳೆದಿದೆ. ಇಂದು ಎಲ್ಲ ಬಗೆಯ ತಟ್ಟೆಗಳ ಪಟ್ಟಿಯೂ ಸಂತೆಯೂ ಆಗಿರುವ ಡಿಸ್ಕಾಗ್ಸ್ 2000ದಲ್ಲಿ ಆರಂಭವಾದದ್ದು ಎಲೆಕ್ಟ್ರಾನಿಕ್ ಸಂಗೀತಕ್ಕಾಗಿ ಮಾತ್ರ. ಬೇಡಿಕೆ ಕಂಡ ಹಳೆಯ ತಟ್ಟೆಗಳು ಮತ್ತೆ ಅಚ್ಚಾಗುತ್ತವೆ. ಹೀಗೆ ಮರುಹುಟ್ಟು ಪಡೆದವುಗಳಲ್ಲಿ ಭಾರತದ್ದೂ ಒಂದಿದೆ: ಮುಂಬೈಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಟಿಆರ್-808 ತಾಳಯಂತ್ರ, ಮಂದ್ರ ಸ್ವರದ ಟಿಬಿ-303 ಯಂತ್ರಗಳೊಂದಿಗೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದ ಆಲ್ಬಂ. ಆಗ ಯಾರೂ ಕಿವಿಗೊಡಲಿಲ್ಲ. ಷಿಕಾಗೊದ ಫ್ಯೂಚರ್ ತಂಡ ಅದೇ 303ರಿಂದ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದು ಆ್ಯಸಿಡ್ ಹೌಸ್‌ಗೆ ದಾರಿ ತೆರೆದದ್ದು ಐದು ವರ್ಷದ ನಂತರ, 1987ರಲ್ಲಿ. ಸಿಂಗ್ ಅವರ ತಟ್ಟೆ 2010ರಲ್ಲಿ ಮತ್ತೆ ಬಂದಾಗ ಭೈರವ, ಯಮನ್‌ಗಳ ಕೆಳಗೆ ಓಡುವ ಆ ಯಂತ್ರದ ಸದ್ದು ಯುರೋಪಿನ ಕಿವಿಗಳನ್ನು ನಿಗುರಿಸಿತು.

ಮೊದಲ ಬಾರಿ ಕೇಳುವವರಿಗೆ ಒಂದು ಮಾತು. ಈ ಸಂಗೀತವನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನಕ್ಕೆ ಬರಬಾರದು. ಕಿಕ್ ಇರುವುದು ಸೆಕೆಂಡಿಗೆ ಐವತ್ತು ಅರವತ್ತು ಕಂಪನಗಳ ಆಸುಪಾಸಿನಲ್ಲಿ; ಫೋನಿಗೆ ಅದನ್ನು ನುಡಿಸುವ ಶಕ್ತಿಯಿಲ್ಲ. ಅಲ್ಲಿ ಕೇಳಿಸುವುದು ಹೈಹ್ಯಾಟಿನ ಟಿಕ್‌ಟಿಕ್ ಒಂದೇ.